ಮೆಟಲ್ ರೆಗ್ಯುಲೇಟರಾ, ಪ್ಲಾಸ್ಟಿಕ್ ರೆಗ್ಯುಲೇಟರಾ? ದುಡ್ಡು ಕೊಡುವ ಮುಂಚೆ ನೋಡಬೇಕಾದ್ದು

ನೇತ್ರಾಣಿಯಲ್ಲೋ ಅಂಡಮಾನಿನಲ್ಲೋ ಸ್ಕೂಬಾ ಕಲಿತು ಬಂದವರಿಗೆ ಸ್ವಲ್ಪ ದಿನದಲ್ಲೇ ಒಂದು ಆಸೆ ಹುಟ್ಟುತ್ತದೆ. ಮಾಸ್ಕ್ ಆಯಿತು, ಫಿನ್ಸ್ ಆಯಿತು, ಇನ್ನು ಸಿಲಿಂಡರಿನ ಗಾಳಿಯನ್ನು ಬಾಯಿಗೆ ತಲುಪಿಸುವ ರೆಗ್ಯುಲೇಟರ್ ಸ್ವಂತದ್ದೊಂದು ಬೇಕು. ಬಾಡಿಗೆಯ ಮೌತ್‌ಪೀಸನ್ನು ಎಷ್ಟು ಜನ ಕಚ್ಚಿರುತ್ತಾರೋ ಯಾರಿಗೆ ಗೊತ್ತು, ಅಲ್ವಾ? ಆಸೆ ತಪ್ಪೇನಲ್ಲ. ಆದರೆ ವಿಚಾರಿಸಲು ಹೊರಟ ಮೊದಲ ದಿನವೇ ತಲೆ ಕೆಡುತ್ತದೆ. 'ಮೆಟಲ್ ತಗೊಳ್ಳಿ, ಜೀವಮಾನ ಪೂರ್ತಿ ಬಾಳುತ್ತೆ' ಅನ್ನುವವರು ಒಂದು ಕಡೆ. 'ಸುಮ್ನೆ ಯಾಕೆ ಭಾರ ಹೊರುತ್ತೀರಿ, ಪ್ಲಾಸ್ಟಿಕ್ ಸಾಕು' ಅನ್ನುವವರು ಇನ್ನೊಂದು ಕಡೆ. ಇಬ್ಬರ ಮಾತೂ ಅವರವರ ನೀರಿನಲ್ಲಿ ನಿಜ. ನೀವು ಯಾವ ನೀರಿಗೆ ಇಳಿಯುತ್ತೀರಿ, ರೆಗ್ಯುಲೇಟರನ್ನು ನಿಮ್ಮೂರಿನ ಹತ್ತಿರ ಯಾರು ಸರ್ವಿಸ್ ಮಾಡಿಕೊಡುತ್ತಾರೆ ಅನ್ನುವ ಮೇಲೆ ಉತ್ತರ ನಿಂತಿದೆ.

ಯಾವ ಭಾಗದ ಮಾತು ಇದು?

ರೆಗ್ಯುಲೇಟರ್ ಅಂದರೆ ಒಂದೇ ವಸ್ತುವಲ್ಲ. ಸಿಲಿಂಡರ್ ಬಾಯಿಗೆ ಕೂರುವುದು ಫಸ್ಟ್ ಸ್ಟೇಜ್. ನಾವು ಬಾಯಲ್ಲಿ ಕಚ್ಚುವುದು ಸೆಕೆಂಡ್ ಸ್ಟೇಜ್. ತುಂಬಿದ ಸಿಲಿಂಡರಿನಲ್ಲಿ ಸುಮಾರು 200 ಬಾರ್ ಒತ್ತಡ ಇರುತ್ತದೆ. ಫಸ್ಟ್ ಸ್ಟೇಜ್ ಅದನ್ನು ಸುತ್ತಲಿನ ನೀರಿನ ಒತ್ತಡಕ್ಕಿಂತ 9-10 ಬಾರ್ ಜಾಸ್ತಿ ಅನ್ನುವಷ್ಟಕ್ಕೆ ಇಳಿಸಿ ಹೋಸಿಗೆ ಬಿಡುತ್ತದೆ. ಅಂಥ ಒತ್ತಡ ತಡೆಯಬೇಕಾದ ಫಸ್ಟ್ ಸ್ಟೇಜ್ ಅಂಗಡಿಯಲ್ಲಿ ಸಿಗುವುದೆಲ್ಲ ಲೋಹದ್ದೇ ಅಂತ ಇಟ್ಟುಕೊಳ್ಳಿ. ಹೆಚ್ಚಿನವು ಕ್ರೋಮ್ ಲೇಪಿಸಿದ ಹಿತ್ತಾಳೆ, ದುಬಾರಿಯವು ಟೈಟಾನಿಯಂ.

ಸೆಕೆಂಡ್ ಸ್ಟೇಜಿಗೆ ಬರುವ ಹೊತ್ತಿಗೆ ಒತ್ತಡ ಇಳಿದಿರುತ್ತದೆ. ಹಾಗಾಗಿ ಅದರ ಡಬ್ಬಿಯನ್ನು ಲೋಹದಲ್ಲೂ ಮಾಡಬಹುದು, ಗಾಜಿನ ನಾರು ಸೇರಿಸಿದ ನೈಲಾನಿನಲ್ಲೂ ಮಾಡಬಹುದು. ಮೆಟಲ್ಲೋ ಪ್ಲಾಸ್ಟಿಕ್ಕೋ ಅನ್ನುವ ಜಗಳ ಇಷ್ಟೂ ಈ ಡಬ್ಬಿಯದ್ದು.

ಒಮ್ಮೆ ಮುಚ್ಚಳ ಬಿಚ್ಚಿ ತೋರಿಸಿ ಅಂತ ಸರ್ವಿಸ್ ಮಾಡುವವರನ್ನು ಕೇಳಿ. ಒಳಗೆ ಸಿಲಿಕೋನಿನ ದುಂಡನೆಯ ಪೊರೆ ಇರುತ್ತದೆ, ಅದೇ ಡಯಾಫ್ರಮ್. ಅದರ ಕೆಳಗೆ ಒಂದು ಪುಟ್ಟ ಲಿವರ್. ನೀವು ಉಸಿರು ಎಳೆದರೆ ಪೊರೆ ಒಳಕ್ಕೆ ಬಾಗಿ ಲಿವರನ್ನು ಒತ್ತುತ್ತದೆ. ಲಿವರ್ ಒಂದು ಸಣ್ಣ ವಾಲ್ವನ್ನು ಹಿಂದಕ್ಕೆ ಎಳೆಯುತ್ತದೆ, ಗಾಳಿ ಬರುತ್ತದೆ. ಆ ವಾಲ್ವ್ ಕೂತಿರುವ ಅಡ್ಡ ಕೊಳವೆಗೆ ಬ್ಯಾರೆಲ್ ಅನ್ನುತ್ತಾರೆ. ಈ ಬ್ಯಾರೆಲ್ ಯಾವುದರದ್ದು ಅನ್ನುವುದನ್ನು ನೆನಪಿಟ್ಟುಕೊಳ್ಳಿ, ಹೊರಗಿನ ಡಬ್ಬಿಯಷ್ಟೇ ಅದೂ ಮುಖ್ಯ.

ಅಳೆಯುವುದು ಹೇಗೆ

ನಾನು ನೋಡುವುದು ಐದು ವಿಷಯ: ನೀರಿನ ತಂಪು, ಬಾಯಿ ಒಣಗುವುದು, ತೂಕ, ಪೆಟ್ಟು ಮತ್ತು ಉಪ್ಪು ತಡೆಯುವ ಶಕ್ತಿ, ಸರ್ವಿಸ್. ಬೆಲೆ ಕೊನೆಗೆ ತಾನಾಗಿಯೇ ಮಾತಾಡುತ್ತದೆ.

ಉಸಿರು ಹಗುರವಾಗಿ ಬರುತ್ತದೋ ಬಿಗಿಯಾಗಿ ಬರುತ್ತದೋ ಅನ್ನುವುದನ್ನು ಈ ಪಟ್ಟಿಯಲ್ಲಿ ಬೇಕೆಂದೇ ಸೇರಿಸಿಲ್ಲ. 'ಮೆಟಲ್ಲಿನಲ್ಲಿ ಉಸಿರಾಟ ನಯ' ಅಂತ ಜನ ಹೇಳುವುದುಂಟು. ಅದು ಡಬ್ಬಿಯ ಗುಣ ಅಲ್ಲ. ವಾಲ್ವ್ ಬ್ಯಾಲೆನ್ಸ್ಡ್ (ಬರುವ ಒತ್ತಡ ಏರಿಳಿದರೂ ಉಸಿರಿನ ಬಿಗಿ ಬದಲಾಗದ ಹಾಗೆ ಮಾಡಿದ್ದು) ಆಗಿದೆಯೇ, ಸ್ಪ್ರಿಂಗನ್ನು ಎಷ್ಟು ಬಿಗಿ ಮಾಡಿದ್ದಾರೆ, ಗಾಳಿ ಒಳಗೆ ಯಾವ ದಿಕ್ಕಿಗೆ ನುಗ್ಗುತ್ತದೆ ಅನ್ನುವುದರ ಮೇಲೆ ಅದು ನಿಂತಿದೆ. ಯೂರೋಪಿನ ಇಎನ್ 250 ಮಾನದಂಡ ಇದಕ್ಕೆ ಒಂದು ಮಿತಿ ಇಟ್ಟಿದೆ. 50 ಮೀಟರ್ ಆಳದಲ್ಲಿ, ನಿಮಿಷಕ್ಕೆ 62.5 ಲೀಟರ್ ಗಾಳಿ ಎಳೆಯುವಾಗ ಉಸಿರಾಟದ ಶ್ರಮ ಲೀಟರಿಗೆ 3 ಜೂಲ್ ದಾಟಬಾರದು. ಪ್ಲಾಸ್ಟಿಕ್ಕೂ ಇದರಲ್ಲಿ ಪಾಸಾಗುತ್ತದೆ, ಮೆಟಲ್ಲೂ ಪಾಸಾಗುತ್ತದೆ. ಮೆಟಲ್ ಡಬ್ಬಿ ಇರುವ ಮಾಡೆಲ್‌ಗಳು ದುಬಾರಿ, ದುಬಾರಿ ಮಾಡೆಲ್ಲಿಗೆ ಕಂಪನಿಯವರು ಒಳ್ಳೆಯ ವಾಲ್ವ್ ಹಾಕಿರುತ್ತಾರೆ. ಗೊಂದಲ ಹುಟ್ಟುವುದೇ ಅಲ್ಲಿ.

ತಣ್ಣೀರು: ಇಲ್ಲಿ ಮೆಟಲ್ಲಿಗೆ ನಿಜವಾದ ಮೇಲುಗೈ

ಒತ್ತಡದ ಗಾಳಿ ಹಿಗ್ಗಿದಾಗ ತಣ್ಣಗಾಗುತ್ತದೆ. ಸಿಲಿಂಡರಿನಿಂದ ಬಾಯಿಗೆ ಬರುವಷ್ಟರಲ್ಲಿ ಗಾಳಿ ಎರಡು ಸಲ ಹಿಗ್ಗುತ್ತದೆ. ನೀರೇ 4 ಡಿಗ್ರಿ ಇದ್ದಾಗ ಒಳಗಿನ ಗಾಳಿ ಸೊನ್ನೆಗಿಂತ ಕೆಳಗೆ ಹೋಗಬಹುದು. ಆಗ ನಾವು ಬಿಟ್ಟ ಉಸಿರಿನ ತೇವ ಲಿವರ್ ಮೇಲೆ, ವಾಲ್ವಿನ ಸುತ್ತ ಐಸಾಗಿ ಕೂರುತ್ತದೆ. ವಾಲ್ವ್ ಮುಚ್ಚದೆ ತೆರೆದೇ ಉಳಿದರೆ ಗಾಳಿ ಬುಸಬುಸ ಅಂತ ಸುರಿಯತೊಡಗುತ್ತದೆ. ಇದೇ ಫ್ರೀ ಫ್ಲೋ. ಗಾಳಿ ಸುರಿದಷ್ಟೂ ಇನ್ನೂ ತಣ್ಣಗಾಗುತ್ತದೆ, ತಣ್ಣಗಾದಷ್ಟೂ ಐಸು ಗಟ್ಟಿಯಾಗುತ್ತದೆ. ತಾನಾಗಿ ನಿಲ್ಲುವ ಪೈಕಿ ಅಲ್ಲ. ಸಿಲಿಂಡರ್ ಕೆಲವೇ ನಿಮಿಷದಲ್ಲಿ ಬರಿದಾಗುತ್ತದೆ.

ಹಿತ್ತಾಳೆ ಇಲ್ಲಿ ಉಪಕಾರಕ್ಕೆ ಬರುತ್ತದೆ. ಸುತ್ತಲಿನ ನೀರು 4 ಡಿಗ್ರಿಯೇ ಇರಲಿ, ಒಳಗಿನ ಗಾಳಿಗಿಂತ ಅದು ಬೆಚ್ಚಗೇ. ಲೋಹದ ಡಬ್ಬಿ ಆ ಬಿಸಿಯನ್ನು, ನಮ್ಮ ಉಸಿರಿನ ಬಿಸಿಯನ್ನೂ ಸೇರಿಸಿ, ವಾಲ್ವಿನ ಹತ್ತಿರಕ್ಕೆ ಸಾಗಿಸುತ್ತದೆ. ಶಾಖ ಸಾಗಿಸುವ ಗುಣವನ್ನು ಅಂಕಿಯಲ್ಲಿ ಹೇಳುವುದಾದರೆ ಹಿತ್ತಾಳೆಯದ್ದು ಮೀಟರಿಗೆ ಡಿಗ್ರಿಗೆ 110 ವ್ಯಾಟ್ ಆಸುಪಾಸು. ನೈಲಾನಿನದ್ದು ಒಂದು ವ್ಯಾಟ್‌ನ ಮೂರನೇ ಒಂದು ಭಾಗದಷ್ಟೂ ಕಷ್ಟ. ನೂರಾರು ಪಟ್ಟು ಅಂತರ.

ಸ್ಟೇನ್‌ಲೆಸ್ ಸ್ಟೀಲ್ ಮತ್ತು ಟೈಟಾನಿಯಂ ಕೂಡ ಲೋಹವೇ, ಆದರೆ ಈ ವಿಷಯದಲ್ಲಿ ಹಿತ್ತಾಳೆಯ ಹತ್ತಿರಕ್ಕೂ ಬರುವುದಿಲ್ಲ. ಎರಡರದ್ದೂ ಹೆಚ್ಚೂಕಡಿಮೆ 20 ವ್ಯಾಟ್ ಒಳಗೇ. ಪ್ಲಾಸ್ಟಿಕ್ಕಿಗಿಂತ ಎಷ್ಟೋ ವಾಸಿ ನಿಜ. ಆದರೆ 'ದುಬಾರಿ ಲೋಹ, ಹಾಗಾಗಿ ತಣ್ಣೀರಿಗೆ ಇನ್ನೂ ಒಳ್ಳೆಯದು' ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಇನ್ನೊಂದು ಮಾತು. ತಣ್ಣೀರಿನಲ್ಲಿ ಮೊದಲು ಹೆಪ್ಪುಗಟ್ಟುವುದು ಎಷ್ಟೋ ಸಲ ಫಸ್ಟ್ ಸ್ಟೇಜ್. ಅಲ್ಲಿ ಒತ್ತಡ ಇಳಿಯುವುದು ಜಾಸ್ತಿ, ತಂಪೂ ಜಾಸ್ತಿ. ಸ್ಪ್ರಿಂಗಿನ ಜಾಗಕ್ಕೆ ನೀರು ನುಗ್ಗದಂತೆ ಸೀಲ್ ಮಾಡಿದ ಫಸ್ಟ್ ಸ್ಟೇಜ್ ಇಲ್ಲದೆ, ಬಾಯಲ್ಲಿ ಎಂಥ ಹಿತ್ತಾಳೆ ಇಟ್ಟುಕೊಂಡರೂ ಅರ್ಧ ಕೆಲಸವೇ. ಕೊಳ್ಳುವಾಗ ಮೇಲಿನ ಗುರುತನ್ನು ಓದಿ. ಇಎನ್ 250 ಪ್ರಕಾರ 10 ಡಿಗ್ರಿಗಿಂತ ಕೆಳಗಿನದ್ದು ತಣ್ಣೀರು. ತಣ್ಣೀರಿನ ಪರೀಕ್ಷೆ ನಡೆಯುವುದು 4 ಡಿಗ್ರಿ ಅಥವಾ ಅದಕ್ಕೂ ಕೆಳಗೆ. ಅದರಲ್ಲಿ ಪಾಸಾಗದ ರೆಗ್ಯುಲೇಟರ್ ಮೇಲೆ '10 ಡಿಗ್ರಿಗಿಂತ ಮೇಲೆ ಮಾತ್ರ' ಅನ್ನುವ ಗುರುತು ಕೊರೆದಿರುತ್ತಾರೆ.

ಈಗ ನಮ್ಮ ನೀರಿಗೆ ಬರೋಣ. ಮುರುಡೇಶ್ವರದಿಂದ ದೋಣಿಯಲ್ಲಿ ಹೋಗುವ ನೇತ್ರಾಣಿ, ಅಂಡಮಾನಿನ ಸ್ವರಾಜ್ ದ್ವೀಪ, ಲಕ್ಷದ್ವೀಪ, ಪುದುಚೇರಿ ಎಲ್ಲ ಕಡೆ ಡೈವಿಂಗ್ ಸೀಸನ್ನಿನಲ್ಲಿ ನೀರು 26ರಿಂದ 30 ಡಿಗ್ರಿ. ಇಲ್ಲಿ ರೆಗ್ಯುಲೇಟರ್ ಹೆಪ್ಪುಗಟ್ಟುವ ಪ್ರಶ್ನೆಯೇ ಬರುವುದಿಲ್ಲ. ಮೆಟಲ್ಲಿನ ಅತಿ ದೊಡ್ಡ ಲಾಭ ನಮಗೆ ಉಪಯೋಗಕ್ಕೇ ಬಾರದ್ದು. ಅದೇ ಇಂಗ್ಲೆಂಡಿನ ಲೆಸ್ಟರ್‌ಶೈರಿನ ಸ್ಟೋನಿ ಕೋವ್ ಅನ್ನುವ ನೀರು ತುಂಬಿದ ಕ್ವಾರಿಯಲ್ಲಿ ಚಳಿಗಾಲದಲ್ಲಿ ಡೈವ್ ಮಾಡುವ, ಕೆನಡಾದ ಟೋಬರ್ಮೋರಿಯಲ್ಲಿ ಮುಳುಗಿದ ಹಡಗು ನೋಡಲು ಇಳಿಯುವ, ಇಲ್ಲವೇ ಐಸ್‌ಲ್ಯಾಂಡಿನ ಸಿಲ್ಫ್ರಾ ಸೀಳಿನಲ್ಲಿ 2-4 ಡಿಗ್ರಿ ನೀರಿಗೆ ಇಳಿಯುವ ಕನ್ನಡಿಗರಿಗೆ ಇದೇ ಮೊದಲ ಪ್ರಶ್ನೆ.

ಬಾಯಿ ಒಣಗುವುದು

ಕಂಪ್ರೆಸರಿನಿಂದ ತುಂಬಿದ ಗಾಳಿಯಲ್ಲಿ ತೇವ ಇರುವುದೇ ಇಲ್ಲ ಅನ್ನಬಹುದು. ಒಂದು ಗಂಟೆ ಅದನ್ನೇ ಎಳೆದರೆ ಗಂಟಲು ಕೆರೆಯುತ್ತದೆ, ನಾಲಿಗೆ ಅಂಗುಳಕ್ಕೆ ಅಂಟುತ್ತದೆ. ಮೆಟಲ್ ಡಬ್ಬಿಯೊಳಗೆ ನಾವು ಬಿಟ್ಟ ಉಸಿರಿನ ತೇವ ತಣ್ಣನೆಯ ಗೋಡೆಗೆ ತಾಗಿ ಹನಿಯಾಗುತ್ತದೆ. ಮುಂದಿನ ಉಸಿರಿನ ಒಣ ಗಾಳಿ ಅದನ್ನು ಹೀರಿಕೊಂಡು ಬರುತ್ತದೆ. ಬೆಚ್ಚನೆಯ ನೀರಿನಲ್ಲೂ ಇದು ಒಂದಿಷ್ಟು ಕೆಲಸ ಮಾಡುತ್ತದೆ. ದಿನಕ್ಕೆ ಮೂರು ನಾಲ್ಕು ಡೈವ್ ಮಾಡುವವರು ಮೆಟಲ್ ಬಿಟ್ಟು ಬರಲ್ಲ ಅನ್ನುವುದಕ್ಕೆ ನಿಜವಾದ ಕಾರಣ ಹೆಚ್ಚಾಗಿ ಇದೇ. ವಾರಾಂತ್ಯಕ್ಕೆ ಎರಡು ಡೈವ್ ಮಾಡುವವರು ಮೇಲೆ ಬಂದು ನೀರು ಕುಡಿದರೆ ಮುಗಿಯಿತು.

ತೂಕ

ನೀರಿನ ಸಾಂದ್ರತೆ 1 ಅಂತಿಟ್ಟುಕೊಂಡರೆ ಹಿತ್ತಾಳೆಯದ್ದು 8.5ರ ಹತ್ತಿರ. ಟೈಟಾನಿಯಂದು 4.5. ಗಾಜಿನ ನಾರಿನ ನೈಲಾನಿನದ್ದು ನೀರಿಗಿಂತ ತುಸು ಜಾಸ್ತಿ ಅಷ್ಟೇ. ಹಾಗಂತ ಡಬ್ಬಿಗಳ ತೂಕದಲ್ಲಿ ಅಷ್ಟೇ ಪಟ್ಟು ಅಂತರ ಇರುತ್ತದೆ ಅಂದುಕೊಳ್ಳಬೇಡಿ. ಲೋಹದ ಡಬ್ಬಿಯ ಗೋಡೆ ತೆಳ್ಳಗಿರುತ್ತದೆ. ಕೈಯಲ್ಲಿ ಹಿಡಿದರೆ ಅಂತರ ಗೊತ್ತಾಗುತ್ತದೆ, ನೂರು ಗ್ರಾಂ ಮೇಲೆ ಕೆಳಗೆ. ಬಾಯಲ್ಲಿ ಕಚ್ಚಿಕೊಂಡು ಗಂಟೆ ಕಳೆದರೆ ದವಡೆಗೂ ಗೊತ್ತಾಗುತ್ತದೆ. ಸಣ್ಣ ಮುಖದವರಿಗೆ, ದವಡೆ ಕೀಲು ನೋವು ಇರುವವರಿಗೆ ನಾನು ಭಾರದ ಮೆಟಲ್ ಹೇಳುವುದಿಲ್ಲ. ಆದರೆ ದವಡೆ ನೋವಿಗೆ ಎಷ್ಟೋ ಸಲ ಡಬ್ಬಿಯ ತೂಕಕ್ಕಿಂತ ಹೋಸ್ ಎಳೆಯುವ ದಿಕ್ಕು ಕಾರಣ. ಹೋಸ್ ಗಿಡ್ಡವಾಗಿ ತಲೆ ತಿರುಗಿಸಿದಾಗೆಲ್ಲ ಎಳೆಯುತ್ತಿದ್ದರೆ ಹೋಸ್ ಬದಲಿಸಿ ನೋಡಿ, ಇಲ್ಲವೇ ತಿರುಗುವ ಕೀಲು ಒಂದನ್ನು ಹಾಕಿಸಿ. ಅದಕ್ಕೆ ಹೊಸ ರೆಗ್ಯುಲೇಟರ್ ಬೇಕಿಲ್ಲ.

ವಿಮಾನದ ಬ್ಯಾಗ್ ಇನ್ನೊಂದು ಲೆಕ್ಕ. ಬೆಂಗಳೂರಿನಿಂದ ಅಂಡಮಾನಿಗೆ ಹೋಗುವವರಿಗೆ ಸಾಮಾನ್ಯವಾಗಿ ಸಿಗುವುದು ಚೆಕ್-ಇನ್ 15 ಕೆಜಿ, ಕೈಚೀಲ 7 ಕೆಜಿ. ಫಸ್ಟ್ ಸ್ಟೇಜ್, ಎರಡು ಸೆಕೆಂಡ್ ಸ್ಟೇಜ್, ಗೇಜ್, ಹೋಸ್ ಎಲ್ಲ ಸೇರಿದ ಸೆಟ್ಟು ಎರಡರಿಂದ ಮೂರು ಕೆಜಿ ತೂಗುತ್ತದೆ. ರೆಗ್ಯುಲೇಟರನ್ನು ಕೈಚೀಲದಲ್ಲಿ ಒಯ್ಯುವುದೇ ರೂಢಿ, ಆಗ ಏಳರಲ್ಲಿ ಮೂರು ಹೋಯಿತು. ಆದರೆ ಈ ತೂಕದಲ್ಲಿ ದೊಡ್ಡ ಪಾಲು ಫಸ್ಟ್ ಸ್ಟೇಜಿನದ್ದು. ಬ್ಯಾಗ್ ಹಗುರ ಆಗಬೇಕು ಅನ್ನುವವರು ಚಿಕ್ಕ ಫಸ್ಟ್ ಸ್ಟೇಜ್, ಹೆಣೆದ ನೈಲಾನ್ ಹೊದಿಕೆಯ ಹೋಸ್ ಹುಡುಕಲಿ. ಸೆಕೆಂಡ್ ಸ್ಟೇಜಿನಲ್ಲಿ ನೂರು ಗ್ರಾಂ ಉಳಿಸಿ ಏನೂ ಆಗುವುದಿಲ್ಲ.

ಪೆಟ್ಟು, ಉಪ್ಪು, ಬಿಸಿಲು

'ಮೆಟಲ್ ಗಟ್ಟಿ' ಅನ್ನುವ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. ಓಲಾಡುವ ದೋಣಿಯಲ್ಲಿ ಸಿಲಿಂಡರ್ ಉರುಳಿ ಸೆಕೆಂಡ್ ಸ್ಟೇಜ್ ಮೇಲೆ ಬಿತ್ತು ಅಂದುಕೊಳ್ಳಿ. ಪ್ಲಾಸ್ಟಿಕ್ ಬಾಗಿ ಮತ್ತೆ ನೆಟ್ಟಗಾಗುತ್ತದೆ, ಇಲ್ಲವೇ ಬಿರುಕು ಬಿಡುತ್ತದೆ. ಮೆಟಲ್ ತಗ್ಗು ಬೀಳುತ್ತದೆ. ಡಬ್ಬಿಯ ಹೊಟ್ಟೆಯಲ್ಲಿ ತಗ್ಗು ಬಿದ್ದರೆ ತೊಂದರೆ ಇಲ್ಲ. ಡಯಾಫ್ರಮ್ ಕೂರುವ ಅಂಚಿನಲ್ಲಿ ಬಿದ್ದರೆ ಸೀಲ್ ಹೋಗುತ್ತದೆ, ಪ್ರತಿ ಉಸಿರಿಗೂ ಉಪ್ಪುನೀರು ಬಾಯಿಗೆ ಬರುತ್ತದೆ.

ಎರಡಕ್ಕೂ ಒಂದೇ ಪರೀಕ್ಷೆ ಸಾಕು. ಫಸ್ಟ್ ಸ್ಟೇಜಿನ ಬಾಯಿಗೆ ಡಸ್ಟ್ ಕ್ಯಾಪ್ ಹಾಕಿ ಬಿಗಿ ಮಾಡಿ, ಸಿಲಿಂಡರಿಗೆ ಸಿಕ್ಕಿಸಬೇಡಿ. ಮೌತ್‌ಪೀಸ್ ಬಾಯಲ್ಲಿಟ್ಟು ಮೆಲ್ಲಗೆ ಉಸಿರು ಎಳೆಯಿರಿ. ಸ್ವಲ್ಪ ಎಳೆದ ಮೇಲೆ ಗೋಡೆಗೆ ಬಡಿದಂತೆ ನಿಲ್ಲಬೇಕು, ನಿಂತಲ್ಲೇ ನಿಂತಿರಬೇಕು. ಸಣ್ಣಗೆ ಗಾಳಿ ಬರುತ್ತಲೇ ಇದ್ದರೆ ಎಲ್ಲೋ ಸೋರಿಕೆ ಇದೆ: ಡಯಾಫ್ರಮ್, ಉಸಿರು ಹೊರಹೋಗುವ ವಾಲ್ವ್, ಮೌತ್‌ಪೀಸಿನ ಕಟ್ಟು, ಡಬ್ಬಿಯ ಬಿರುಕು, ಯಾವುದೂ ಆಗಬಹುದು. ಪ್ರತಿ ಡೈವಿಗೆ ಮುಂಚೆ ಮಾಡಬಹುದಾದ ಕೆಲಸ ಇದು. ಹಳೆಯದನ್ನು ಕೊಳ್ಳುವಾಗಲಂತೂ ಬಿಡಲೇಬಾರದು.

ಉಪ್ಪಿನ ಕಥೆ ಬೇರೆ. ಪ್ಲಾಸ್ಟಿಕ್ಕಿಗೆ ತುಕ್ಕು ಇಲ್ಲ. ಹಿತ್ತಾಳೆಗೆ ಕಾವಲು ಮೇಲಿನ ಕ್ರೋಮ್ ಪದರವೊಂದೇ. ಅದು ಎಲ್ಲಾದರೂ ಗೀಚಿ ಹೋದರೆ ಮೊದಲು ಸಾಸಿವೆಯಷ್ಟು ಗುಳ್ಳೆ ಏಳುತ್ತದೆ. ಉಗುರಿನಿಂದ ಕೆರೆದರೆ ಬೆಳ್ಳಿ ಬಣ್ಣದ ಚಕ್ಕೆ ಎದ್ದು ಬರುತ್ತದೆ, ಅಡಿಯಲ್ಲಿ ಹಸಿರು ಕಿಲುಬು. ಮನೆಯ ಹಿತ್ತಾಳೆ ಬಿಂದಿಗೆ ನೋಡಿದವರಿಗೆ ಇದು ಹೊಸದಲ್ಲ. ಸರ್ವಿಸ್ ಮಾಡುವವರು ಈ ಕಿಲುಬನ್ನು ತೆಳುವಾದ ಆಮ್ಲದ ನೀರಿನಲ್ಲಿ, ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿಟ್ಟು ತೆಗೆಯುತ್ತಾರೆ. ಹಾಗಂತ ಮನೆಯಲ್ಲಿ ಹುಣಸೆಹಣ್ಣು ಹಾಕಿ ಉಜ್ಜಲು ಹೋಗಬೇಡಿ, ಉಳಿದ ಕ್ರೋಮೂ ಹೋಗುತ್ತದೆ. ಗಲ್ಫಿನಲ್ಲಿ ಇರುವವರು ಇನ್ನೂ ಹುಷಾರಾಗಿರಬೇಕು. ಅಲ್ಲಿನ ಸಮುದ್ರದಲ್ಲಿ ಉಪ್ಪು ನಮ್ಮದಕ್ಕಿಂತ ಜಾಸ್ತಿ. ಈಜುಕೊಳದ ಕ್ಲೋರಿನ್ ಕೂಡ ಕ್ರೋಮಿಗೂ ರಬ್ಬರಿಗೂ ಒಳ್ಳೆಯದಲ್ಲ.

ಪ್ಲಾಸ್ಟಿಕ್ಕಿಗೆ ಶತ್ರು ಬಿಸಿಲು. ದೋಣಿಯ ಮೇಲೆ ದಿನವಿಡೀ ಬಿಸಿಲಿಗೆ ಬಿದ್ದಿರುವ ಡಬ್ಬಿ ವರ್ಷಗಳು ಕಳೆದಂತೆ ಬಣ್ಣಗೆಟ್ಟು ಬೆಳ್ಳಗಾಗುತ್ತದೆ. ಆದರೂ ಬಾಡಿಗೆ ಕೊಡುವ ಡೈವ್ ಸೆಂಟರುಗಳಲ್ಲಿ ನೇತುಹಾಕಿರುವುದು ಹೆಚ್ಚಿನಂಶ ಪ್ಲಾಸ್ಟಿಕ್ಕೇ. ದಿನಕ್ಕೊಬ್ಬರ ಕೈಗೆ ಸಿಕ್ಕಿ, ಮರಳಲ್ಲಿ ಬಿದ್ದು, ಸೀಸನ್ನು ಪೂರ್ತಿ ದುಡಿಯುತ್ತವೆ. 'ಪ್ಲಾಸ್ಟಿಕ್ ಬೇಗ ಹಾಳಾಗುತ್ತೆ' ಅನ್ನುವವರಿಗೆ ಅದೇ ಉತ್ತರ.

ಸರ್ವಿಸ್

ನನ್ನ ಪ್ರಕಾರ ತಣ್ಣೀರು ಬಿಟ್ಟರೆ ಉಳಿದೆಲ್ಲಕ್ಕಿಂತ ದೊಡ್ಡ ವಿಷಯ ಇದು. ರೆಗ್ಯುಲೇಟರಿಗೆ ಕಂಪನಿ ಹೇಳಿದ ಪ್ರಕಾರ ವರ್ಷಕ್ಕೋ ಎರಡು ವರ್ಷಕ್ಕೋ, ಇಲ್ಲವೇ ನೂರು ಡೈವಿಗೊಮ್ಮೆ ಸರ್ವಿಸ್ ಬೇಕು. ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಬಳೆ), ಸೀಟ್ (ವಾಲ್ವ್ ಒತ್ತಿ ಮುಚ್ಚುವ ಮೆತ್ತನೆಯ ಬಿಲ್ಲೆ) ಎಲ್ಲ ಬದಲಿಸುತ್ತಾರೆ. ಅದಕ್ಕೆ ಆಯಾ ಮಾಡೆಲ್ಲಿನ ಕಿಟ್ಟೇ ಬೇಕು. ನಮ್ಮಲ್ಲಿ ಎಲ್ಲ ಬ್ರಾಂಡಿನ ಕಿಟ್ಟೂ ಎಲ್ಲ ಕಡೆ ಸಿಗುವುದಿಲ್ಲ. ಹೊರದೇಶದಿಂದ ನೆಂಟರ ಕೈಲಿ ತರಿಸಿದ ಚಂದದ ಟೈಟಾನಿಯಂ ರೆಗ್ಯುಲೇಟರ್, ಕಿಟ್ ಇಲ್ಲದೆ ಬೀರುವಿನಲ್ಲಿ ಕೂರುವುದುಂಟು. ಕೊಳ್ಳುವ ಮುಂಚೆ ಫೋನ್ ಮಾಡಿ ಕೇಳಿ: ಈ ಮಾಡೆಲ್ ಸರ್ವಿಸ್ ಮಾಡುತ್ತೀರಾ, ಕಿಟ್ ನಿಮ್ಮ ಹತ್ತಿರ ಇದೆಯಾ, ಎಷ್ಟು ದಿನ ಹಿಡಿಯುತ್ತೆ, ಒಟ್ಟು ಎಷ್ಟಾಗುತ್ತೆ? 'ತರಿಸಬೇಕಾಗುತ್ತೆ' ಅನ್ನುವ ಉತ್ತರ ಬಂದರೆ ಎರಡನೇ ಸಲ ಯೋಚಿಸಿ.

ಬಿಚ್ಚಿ ಜೋಡಿಸುವಾಗ ಮೆಟಲ್ ನಿಜಕ್ಕೂ ಸುಖ. ಲೋಹದ ಬ್ಯಾರೆಲ್ಲಿನ ಥ್ರೆಡ್ ಇಪ್ಪತ್ತು ಸಲ ಬಿಚ್ಚಿದರೂ ಸವೆಯುವುದಿಲ್ಲ. ಪ್ಲಾಸ್ಟಿಕ್ ಬ್ಯಾರೆಲ್ಲಿಗೆ ಲೋಹದ ಭಾಗವನ್ನು ಒಮ್ಮೆ ಓರೆಯಾಗಿ ತಿರುಗಿಸಿದರೆ ಥ್ರೆಡ್ ಹೋಯಿತು, ಡಬ್ಬಿಯೇ ಬದಲಿಸಬೇಕು. ಮುಚ್ಚಳದ ರಿಂಗಿನಲ್ಲಿ ಒಂದು ಕಣ ಮರಳು ಸಿಕ್ಕಿಕೊಂಡರೂ ಇದೇ ಗತಿ ಆಗಬಹುದು.

ಆಯ್ಕೆಗಳು ಒಂದೊಂದಾಗಿ

ಡಬ್ಬಿ, ಬ್ಯಾರೆಲ್ ಎರಡೂ ಪ್ಲಾಸ್ಟಿಕ್ ಇರುವುದು ಎಲ್ಲಕ್ಕಿಂತ ಅಗ್ಗ. ಹೊರದೇಶದ ಅಂಗಡಿಗಳಲ್ಲಿ ಫಸ್ಟ್ ಸ್ಟೇಜ್ ಸೇರಿ ಮುನ್ನೂರು ಡಾಲರ್ ಆಸುಪಾಸಿನಿಂದ ಶುರು. ಹಗುರ, ತುಕ್ಕಿಲ್ಲ. ಬೆಚ್ಚನೆಯ ನೀರು, 18 ಮೀಟರ್ ಒಳಗಿನ ಡೈವ್, ವರ್ಷಕ್ಕೊಂದೆರಡು ಟ್ರಿಪ್ ಅನ್ನುವವರಿಗೆ ಇದರಲ್ಲಿ ಕೊರತೆ ಏನಿಲ್ಲ. ಆದರೆ ಈ ಬೆಲೆಯ ಸೆಟ್ಟುಗಳಲ್ಲಿ ಫಸ್ಟ್ ಸ್ಟೇಜ್ ಬ್ಯಾಲೆನ್ಸ್ಡ್ ಆಗಿರದೆ ಇರಬಹುದು. ಆಗ ಸಿಲಿಂಡರ್ ಖಾಲಿಯಾಗುತ್ತ ಬಂದ ಹಾಗೆ ಉಸಿರು ಸ್ವಲ್ಪ ಬಿಗಿಯಾಗುತ್ತದೆ. ಆಳಕ್ಕೆ ಹೋಗುವ ಯೋಚನೆ ಇದ್ದರೆ ಅದನ್ನು ಕೇಳಿ ತಿಳಿದುಕೊಳ್ಳಿ.

ಹೊರಗೆ ಪ್ಲಾಸ್ಟಿಕ್, ಒಳಗೆ ಲೋಹದ ಬ್ಯಾರೆಲ್ ಇರುವುದು ನಡುವಿನ ದಾರಿ. ಸ್ಕೂಬಾಪ್ರೋದ ಜಿ260 ಈ ಜಾತಿಯದ್ದು. ಏಪೆಕ್ಸ್ ತನ್ನ ಎಕ್ಸ್‌ಟಿಎಕ್ಸ್ ಸಾಲಿನ ಪ್ಲಾಸ್ಟಿಕ್ ಡಬ್ಬಿಗಳಿಗೆ ಹೋಸ್ ಸೇರುವ ಜಾಗದಲ್ಲಿ ರೆಕ್ಕೆರೆಕ್ಕೆಯಾದ ಲೋಹದ ತುಂಡೊಂದನ್ನು ಕೂರಿಸಿ, ನೀರಿನ ಬಿಸಿಯನ್ನು ವಾಲ್ವಿಗೆ ಸಾಗಿಸುತ್ತದೆ. ಅಂದರೆ ಶಾಖ ಎಲ್ಲಿ ಬೇಕೋ ಅಲ್ಲಿಗೆ ಮಾತ್ರ ಲೋಹ, ಉಳಿದದ್ದು ಹಗುರ. ಇಂಥವನ್ನು ಹಾಕಿಕೊಂಡು ತಣ್ಣೀರಿಗೆ ಇಳಿಯುವವರು ಬೇಕಾದಷ್ಟು ಜನ ಇದ್ದಾರೆ. ಥ್ರೆಡ್ ಸವೆಯುವ ಭಯವೂ ಕಡಿಮೆ. ಯಾವುದು ತಗೊಳ್ಳಲಿ ಅಂತ ಒಂದೇ ಮಾತಿನಲ್ಲಿ ಕೇಳಿದರೆ ನನ್ನ ವೋಟು ಇದಕ್ಕೇ. ಚೆಂದಕ್ಕೆ ಬೆಳ್ಳಿ ಬಣ್ಣದ ರಿಂಗ್ ಹಾಕಿ ಮೆಟಲ್ಲಿನ ಹಾಗೆ ಕಾಣಿಸುವ ಪ್ಲಾಸ್ಟಿಕ್ಕೂ ಉಂಟು, ಅದಕ್ಕೆ ಮರುಳಾಗಬೇಡಿ. ಹಾಗೆಯೇ ಹೆಸರಿನಲ್ಲಿ 'ಟಿಐ' ಇದ್ದ ಮಾತ್ರಕ್ಕೆ ಪೂರ್ತಿ ಟೈಟಾನಿಯಂ ಅಲ್ಲ. ಯಾವ ಭಾಗ ಟೈಟಾನಿಯಂ ಅಂತ ಕೇಳಿ.

ಪೂರ್ತಿ ಕ್ರೋಮ್ ಹಿತ್ತಾಳೆಯವು ಸ್ಕೂಬಾಪ್ರೋದ ಎ700, ಮಾರೆಸ್‌ನ ಅಬಿಸ್ ಥರದವು. ತಣ್ಣೀರಿಗೆ, ದಿನಾ ಡೈವ್ ಮಾಡುವ ಇನ್‌ಸ್ಟ್ರಕ್ಟರಿಗೆ, ಹತ್ತಿಪ್ಪತ್ತು ವರ್ಷ ಒಂದನ್ನೇ ಇಟ್ಟುಕೊಳ್ಳುತ್ತೇನೆ ಅನ್ನುವವರಿಗೆ ಇದು ಸರಿ. ಪ್ರತಿ ಡೈವ್ ಆದ ಮೇಲೆ ಸಿಹಿನೀರಿನಲ್ಲಿ ನೆನೆಸುವ ಶಿಸ್ತು ಇರಬೇಕು. ಬೆಲೆ ನಡುವಿನ ದಾರಿಗಿಂತ ಎದ್ದು ಕಾಣುವಷ್ಟು ಜಾಸ್ತಿ.

ಹಳೆಯ ಮೆಟಲ್ ಬಗ್ಗೆ ಒಂದು ಮಾತು. 1970-80ರ ದಶಕದ ಸ್ಕೂಬಾಪ್ರೋ 109, 156 ಹಿತ್ತಾಳೆಯವು ಇವತ್ತಿಗೂ ನೀರಿಗೆ ಇಳಿಯುತ್ತಿವೆ. 109ಕ್ಕೆ ಹೊಸ ಬ್ಯಾಲೆನ್ಸ್ಡ್ ಒಳಭಾಗ ಹಾಕಿಸಿಕೊಂಡವರೂ ಇದ್ದಾರೆ. ಕೇಳಲು ಆಸೆಯಾಗುತ್ತದೆ. ಆದರೆ ಅದೆಲ್ಲ ಸ್ವತಃ ಬಿಚ್ಚಿ ಜೋಡಿಸಲು ಕಲಿತವರ, ಹಳೆಯ ಭಾಗ ಹುಡುಕುವ ತಾಳ್ಮೆ ಇರುವವರ ಹವ್ಯಾಸ. ಮೊದಲ ರೆಗ್ಯುಲೇಟರ್ ಕೊಳ್ಳುವವರಿಗಲ್ಲ.

ಇನ್ನು ಟೈಟಾನಿಯಂ. ಅಟಾಮಿಕ್‌ನ ಟಿ3 ಇದರ ದೊಡ್ಡ ಹೆಸರು, ಬೆಲೆ ಒಂದೂವರೆ ಸಾವಿರ ಡಾಲರಿಗೂ ಮೇಲೆ. ಫಸ್ಟ್ ಸ್ಟೇಜೂ ಟೈಟಾನಿಯಂ ಆದ್ದರಿಂದ ಬ್ಯಾಗಿನ ತೂಕ ನಿಜಕ್ಕೂ ಇಳಿಯುತ್ತದೆ. ಉಪ್ಪುನೀರು ಅದನ್ನು ಏನೂ ಮಾಡುವುದಿಲ್ಲ, ಕ್ರೋಮ್ ಏಳುವ ಚಿಂತೆಯೂ ಇಲ್ಲ. ಒಂದೇ ದೊಡ್ಡ ಅಡ್ಡಿ ಆಕ್ಸಿಜನ್. ಹೆಚ್ಚು ಆಕ್ಸಿಜನ್ ಒತ್ತಡದಲ್ಲಿ ಟೈಟಾನಿಯಂ ಹೊತ್ತಿಕೊಳ್ಳುವ ಲೋಹ. ಮಾಮೂಲಿ ಗಾಳಿಗಿಂತ ಆಕ್ಸಿಜನ್ ಜಾಸ್ತಿ ಇರುವ ಮಿಶ್ರಣಕ್ಕೆ ನೈಟ್ರಾಕ್ಸ್ ಅನ್ನುತ್ತಾರೆ. 40 ಶೇಕಡಾ ವರೆಗಿನ ನೈಟ್ರಾಕ್ಸ್‌ಗೆ ತೊಂದರೆ ಇಲ್ಲ, 32 ಮತ್ತು 36ರ ಮಾಮೂಲಿ ಮಿಶ್ರಣ ಅದರೊಳಗೇ ಬರುತ್ತದೆ. ಅದಕ್ಕೂ ಮೇಲಿನ ಮಿಶ್ರಣಕ್ಕೆ ಬಳಸಕೂಡದು. ಮುಂದೆ ಟೆಕ್ನಿಕಲ್ ಡೈವಿಂಗ್ ಕಲಿತು 50 ಶೇಕಡಾ ಅಥವಾ ಶುದ್ಧ ಆಕ್ಸಿಜನ್ ಸಿಲಿಂಡರ್ ಒಯ್ಯುವ ಯೋಚನೆ ಇದ್ದರೆ ಅದಕ್ಕೆ ಹಿತ್ತಾಳೆಯದ್ದೇ ಬೇರೆ ಬೇಕು.

ಯಾರಿಗೆ ಯಾವುದು

ನೇತ್ರಾಣಿ, ಅಂಡಮಾನ್, ಎಂದಾದರೊಮ್ಮೆ ಮಾಲ್ಡೀವ್ಸ್ ಅನ್ನುವವರು ಮೆಟಲ್ ಡಬ್ಬಿಗೆ ಜಾಸ್ತಿ ಕೊಡುವ ದುಡ್ಡನ್ನು ಬ್ಯಾಲೆನ್ಸ್ಡ್ ಫಸ್ಟ್ ಸ್ಟೇಜಿಗೆ ಹಾಕಿ, ಉಳಿದರೆ ಡೈವ್ ಕಂಪ್ಯೂಟರಿಗೆ ಇಡಿ. ವರ್ಷಕ್ಕೆ ಐದಾರು ಡೈವ್ ಮಾತ್ರ ಆಗುವುದಾದರೆ ಸದ್ಯಕ್ಕೆ ಕೊಳ್ಳುವುದೇ ಬೇಡ. ಒಂದು ಒಳ್ಳೆಯ ಮೌತ್‌ಪೀಸ್ ತಗೊಂಡು ಬಾಡಿಗೆ ಡಬ್ಬಿಗೆ ಹಾಕಿಸಿಕೊಳ್ಳಿ. ಮೌತ್‌ಪೀಸ್ ಕಟ್ಟಿರುವುದು ಒಂದು ಸಣ್ಣ ಪ್ಲಾಸ್ಟಿಕ್ ಪಟ್ಟಿಯಿಂದ (ಜಿಪ್ ಟೈ), ಬದಲಿಸಲು ಎರಡು ನಿಮಿಷ.

ಇಂಗ್ಲೆಂಡ್, ಸ್ವೀಡನ್, ಕೆನಡಾ ಅಂತ ನೆಲೆಸಿ ಅಲ್ಲಿನ ಕೆರೆ, ಕ್ವಾರಿಗಳಲ್ಲೇ ಡೈವ್ ಮಾಡುವವರು ಸೀಲ್ ಆದ ಫಸ್ಟ್ ಸ್ಟೇಜಿನಿಂದ ಶುರು ಮಾಡಿ. ಆಮೇಲೆ ಹಿತ್ತಾಳೆ ಡಬ್ಬಿ, ಅಥವಾ ಲೋಹದ ಬ್ಯಾರೆಲ್ ಮತ್ತು ಶಾಖದ ರೆಕ್ಕೆ ಇರುವ ಪ್ಲಾಸ್ಟಿಕ್. ಎರಡರಲ್ಲಿ ಯಾವುದನ್ನು ಕೊಂಡರೂ ಅದು ತಣ್ಣೀರಿನ ಪರೀಕ್ಷೆ ಪಾಸಾಗಿರಲಿ. ಎಂಥದ್ದೇ ಇದ್ದರೂ ಚಳಿಯಲ್ಲಿ ನೀರಿಗೆ ಇಳಿಯುವ ಮುಂಚೆ ಮೇಲೆಯೇ ನಿಂತು ಅದರಲ್ಲಿ ಉಸಿರಾಡುತ್ತ ಇರಬೇಡಿ, ಪರ್ಜ್ ಬಟನ್ (ಒತ್ತಿದರೆ ಗಾಳಿ ತಾನಾಗಿ ಹೊರಬರುವ, ಸೆಕೆಂಡ್ ಸ್ಟೇಜಿನ ಮುಚ್ಚಳದ ಗುಂಡಿ) ಒತ್ತುತ್ತಲೂ ಇರಬೇಡಿ. ಕೆಳಗೆ ಬಿಸಿಡಿಗೆ (ತೇಲುವುದನ್ನು ಹಿಡಿತದಲ್ಲಿಡಲು ತೊಡುವ ಗಾಳಿ ಜಾಕೆಟ್) ಗಾಳಿ ತುಂಬುವಾಗ ಅದೇ ಹೊತ್ತಿಗೆ ಉಸಿರು ಎಳೆಯದಿದ್ದರೆ ಒಳ್ಳೆಯದು, ಎರಡೂ ಸೇರಿದರೆ ಗಾಳಿ ಜೋರಾಗಿ ಹರಿದು ಫಸ್ಟ್ ಸ್ಟೇಜ್ ತಣ್ಣಗಾಗುತ್ತದೆ.

ಇಲ್ಲಿ ಕಲಿತು ಮುಂದೆ ಹೊರದೇಶಕ್ಕೆ ಹೋಗಬಹುದು ಅನ್ನುವ ಕಿರಿಯರಿಗೆ ನಡುವಿನ ದಾರಿಯೇ ಸರಿ. ಸಾಧ್ಯವಾದರೆ ಡಿನ್ (ಸಿಲಿಂಡರ್ ವಾಲ್ವಿನೊಳಕ್ಕೆ ತಿರುಪಿ ಕೂರಿಸುವ) ಕನೆಕ್ಷನ್ನಿನ ಫಸ್ಟ್ ಸ್ಟೇಜ್ ತಗೊಂಡು, ಯೋಕ್ (ವಾಲ್ವಿನ ಮೇಲೆ ಚೌಕಟ್ಟಿನಿಂದ ಅದುಮಿ ಹಿಡಿಯುವ) ಅಡಾಪ್ಟರ್ ಒಂದನ್ನು ಜೊತೆಗೆ ಇಟ್ಟುಕೊಳ್ಳಿ. ನಮ್ಮಲ್ಲಿ ಬಾಡಿಗೆಗೆ ಸಿಗುವ ಅಲ್ಯೂಮಿನಿಯಂ ಸಿಲಿಂಡರುಗಳಿಗೆ ಸಾಮಾನ್ಯವಾಗಿ ಯೋಕ್ ಬೇಕು, ಯೂರೋಪಿನಲ್ಲಿ ಡಿನ್ ಜಾಸ್ತಿ.

ಯಾವುದನ್ನೇ ಕೊಂಡರೂ ತೊಳೆಯುವಾಗ ಡಸ್ಟ್ ಕ್ಯಾಪನ್ನು ಒಣಗಿಸಿ, ಬಿಗಿಯಾಗಿ ಹಾಕಿಯೇ ನೀರಿಗೆ ಮುಳುಗಿಸಿ. ಸಿಲಿಂಡರಿಗೆ ಸಿಕ್ಕಿಸದೆ ನೆನೆಸಿಟ್ಟಾಗ ಪರ್ಜ್ ಬಟನ್ ಒತ್ತಬೇಡಿ. ಒತ್ತಿದರೆ ವಾಲ್ವ್ ತೆರೆದು ನೀರು ಹೋಸಿನೊಳಕ್ಕೆ ಇಳಿಯುತ್ತದೆ, ಅಲ್ಲಿಂದ ಫಸ್ಟ್ ಸ್ಟೇಜಿಗೆ. ಹೊರಗಿನಿಂದ ಏನೂ ಕಾಣುವುದಿಲ್ಲ, ಮುಂದಿನ ಸರ್ವಿಸಿನಲ್ಲಿ ಬಿಚ್ಚಿದಾಗ ಹಸಿರು ಬಣ್ಣ ನೋಡಬೇಕಾಗುತ್ತದೆ.

ಕೊನೆಗೆ ಆಕ್ಟೋಪಸ್, ಅಂದರೆ ಜೊತೆಗಾರನಿಗೆ ಕೊಡುವ ಎರಡನೇ ಸೆಕೆಂಡ್ ಸ್ಟೇಜ್. ಬಾಯಲ್ಲಿ ಇಡುವುದು ಮೆಟಲ್ ಆದರೂ ಇದು ಬೆಚ್ಚನೆಯ ನೀರಿನಲ್ಲಿ ಹಳದಿ ಪ್ಲಾಸ್ಟಿಕ್ಕೇ ಇರಲಿ. ಹಗುರವಾಗಿರುತ್ತದೆ, ಗಾಬರಿಯಲ್ಲಿ ಕೈ ಚಾಚುವವರಿಗೆ ಬೇಗ ಕಾಣುತ್ತದೆ, ಡೈವ್ ಪೂರ್ತಿ ಎದೆಯ ಹತ್ತಿರ ನೇತಾಡಿ ಹವಳಕ್ಕೋ ಬಂಡೆಗೋ ಬಡಿದರೂ ಕ್ರೋಮ್ ಹೋಗುವ ಚಿಂತೆ ಇಲ್ಲ. ತಣ್ಣೀರಿನಲ್ಲಿ ಮಾತ್ರ ಎರಡೂ ಒಂದೇ ದರ್ಜೆಯವು ಬೇಕು. ಇಬ್ಬರು ಒಂದೇ ಫಸ್ಟ್ ಸ್ಟೇಜಿನಿಂದ ಗಾಳಿ ಎಳೆಯುವ ಹೊತ್ತಿಗೇ ಅದು ಹೆಪ್ಪುಗಟ್ಟುವ ಸಂಭವ ಜಾಸ್ತಿ. ಅದಕ್ಕಾಗಿಯೇ ಇಎನ್ 250ರ 2014ರ ಆವೃತ್ತಿಯಲ್ಲಿ ಆಕ್ಟೋಪಸ್ ಜೊತೆ ಬಳಸಬಹುದಾದ ಸೆಟ್ಟಿಗೆ 'ಎ' ಅಕ್ಷರ ಸೇರಿಸಿದ್ದಾರೆ. ಅಂಗಡಿಯವರು ಆಕ್ಟೋಪಸ್ಸಿಗೆ ಅಗ್ಗದ್ದು ಸಾಕು ಅಂದರೆ, ಯಾವ ನೀರಿಗೆ ಅಂತ ಮೊದಲು ಕೇಳಿ.